ಕೆನ್ನೆಯೊಳಗಿನ ಮಾತ್ರೆ

ಜನವರಿ 8, ಗುರುವಾರ. ಸಂಜೆ 5

ಕಾಲೇಜ್ ಲ್ಯಾಬಲ್ಲಿ ಏಳನೇ ಬ್ಯಾಚ್ ಮಾತ್ರೆ. ಅರಸೀಕೆರೆ ಮಟನ್ ಅಂಗಡಿಯಿಂದ ತಂದ ಮೇಕೆ ಕೆನ್ನೆಯ ಒಳಚರ್ಮಕ್ಕೆ ಅಂಟಿಸಿದೆ. ಎರಡು ಗಂಟೆ ಹತ್ತು ನಿಮಿಷ. ಜಾರಿ ಬಿತ್ತು. ಆರು ಗಂಟೆ ಹಿಡೀಬೇಕು. ಅಂಟು ಜಾಸ್ತಿ ಮಾಡಿದರೆ ಒಳಗಿನ ಬಿಪಿ ಔಷಧಿ ಬಿಡಲ್ಲ, ಕಮ್ಮಿ ಮಾಡಿದರೆ ನಿಲ್ಲಲ್ಲ.

ಜನವರಿ 19, ಸೋಮವಾರ

ಅಪ್ಪನಿಗೆ ಬಿಪಿ ಮಾತ್ರೆ ಮತ್ತೆ ನೆತ್ತಿಗೆ ಹತ್ತಿತು. ಸ್ಟ್ರೋಕ್ ಆದಮೇಲೆ ನುಂಗೋದೇ ಕಷ್ಟ. ಅಮ್ಮ ಪುಡಿ ಮಾಡಿ ಜೇನಲ್ಲಿ ಕಲಸಿ ಕೊಡ್ತಾಳೆ. ಆದರೂ ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷ ರೈಲ್ವೆ ಗಾರ್ಡ್ ಆಗಿದ್ದ ಮನುಷ್ಯ.

"ನಿಂದು ಯಾವಾಗ ಆಯ್ತದವ್ವಾ?" ಅಂದ.

ನುಂಗೋ ಗೋಜಿಲ್ಲ, ಕೆನ್ನೆಯೊಳಗೆ ಅಂಟಿ ನೇರ ರಕ್ತಕ್ಕೆ ಸೇರುತ್ತೆ— ಒಂದೂವರೆ ವರ್ಷದಿಂದ ನಾನೇ ಹೇಳ್ಕೊಂಡು ಬಂದಿದ್ದು. ಕಾಲೇಜ್ ಬಸ್ ಹತ್ತಿದೆ.

ಫೆಬ್ರವರಿ 10, ಮಂಗಳವಾರ

ಹನ್ನೊಂದನೇ ಬ್ಯಾಚ್. ಆರು ಗಂಟೆ ಇಪ್ಪತ್ತು ನಿಮಿಷ! ಗೈಡ್ ರೇವಣಸಿದ್ದಪ್ಪ ಸರ್ ಹತ್ತಿರ ಓಡಿದೆ.

"ಮುಂದೇನು ಸರ್?"

"ಥೀಸಿಸ್ ಬರೀರಿ."

"ಅಲ್ಲ ಸರ್, ಪೇಷಂಟ್‌ಗಳಿಗೆ..."

"ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಎಥಿಕ್ಸ್ ಕಮಿಟಿ, ಟ್ರಯಲ್. ಹತ್ತು ವರ್ಷ. ಅದೂ ಕಂಪನಿ ಯಾವುದಾದ್ರೂ ತಗೊಂಡ್ರೆ. ತಗೊಳ್ಳಲ್ಲ ಮಾಲಿನಿ."

ಮೆತ್ತಗೇ ಹೇಳಿದ್ರು. ಬೈದಿದ್ರೆ ವಾಸಿಯಿತ್ತು.

ಫೆಬ್ರವರಿ 15, ಭಾನುವಾರ

ಔಷಧಿ ಹಾಕದ ಖಾಲಿ ಮಾತ್ರೆಗಳನ್ನ ಮನೆಗೆ ತಂದೆ. ಬರೀ ಅಂಟು ನೋಡೋಕೆ. ನನ್ನ ಕೆನ್ನೆಯಲ್ಲಿ ಐದು ಗಂಟೆ ನಿಂತಿತು. ಅಪ್ಪ ನೋಡ್ತಾನೇ ಇದ್ದ. ಸ್ವಾಧೀನ ಇರೋ ಕೈ ಚಾಚಿ, "ನಂಗೂ" ಅಂದ. ಕೊಟ್ಟೆ. ಅಂಟಿಸಿಕೊಂಡು ನಕ್ಕ. ಅಪ್ಪ ನಕ್ಕು ಎಷ್ಟು ತಿಂಗಳಾಗಿತ್ತೋ. ಅದರಲ್ಲಿ ಏನೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಫೆಬ್ರವರಿ 18, ಬುಧವಾರ

ದಿನಾ ಒಂದು ಕೇಳಿ ಹಾಕಿಸ್ಕೊಳ್ತಾನೆ. ಪಕ್ಕದ ಮನೆ ಕೆಂಚಯ್ಯನಿಗೆ ತುಟಿ ಎಳೆದು ತೋರಿಸ್ತಿದ್ದ.

"ಏನ್ಲಾ ಕರಿಯಯ್ಯ ಇದು?"

"ನನ್ ಮಗಳು ಮಾಡಿದ್ದು. ನುಂಗಂಗೇ ಇಲ್ಲ."

ಪುಡಿ ಮಾತ್ರೆ ಅಮ್ಮ ಹೇಗೂ ಕೊಡ್ತಿದ್ದಾಳೆ. ಕೆಮ್ಮೂ ಕೇಳಿಸ್ತಿಲ್ಲ. ತೊಂದರೆ ಇಲ್ಲ.

ಮಾರ್ಚ್ 9, ಸೋಮವಾರ

ಅಪ್ಪ ಹೋಗಿ ಹನ್ನೊಂದು ದಿನ. ಎರಡನೇ ಸ್ಟ್ರೋಕ್. ಆಸ್ಪತ್ರೆಗೆ ಹೋದಾಗ ಬಿಪಿ ಇನ್ನೂರ ನಲವತ್ತು. "ಮಾತ್ರೆ ಸರಿಯಾಗಿ ಕೊಡ್ತಿದ್ರಾ?" ಅಂತ ಡಾಕ್ಟರ್ ಕೇಳಿದ್ದಕ್ಕೆ ಅಮ್ಮ, ಒಂದು ಹೊತ್ತೂ ತಪ್ಪಿಸಿಲ್ಲ ಅಂದಿದ್ದಳು.

ಇವತ್ತು ಹಾಸಿಗೆ ಎತ್ತಿದೆ. ಗೋಡೆ ಸಂದಿಯಲ್ಲಿ ಅವನ ಟವೆಲ್. ಮಡಿಕೆ ಮಡಿಕೆಯಲ್ಲೂ ಜೇನು ಮೆತ್ತಿದ ಬಿಳಿ ಪುಡಿ, ಒಣಗಿ ಕಟ್ಟಿತ್ತು. ಅಮ್ಮ ಆಚೆ ಹೋಗ್ತಿದ್ದ ಹಾಗೇ ಉಗೀತಿದ್ದ. ಮಗಳ ಮಾತ್ರೆ ಇದೆಯಲ್ಲ, ಈ ಪುಡಿ ಯಾಕೆ ಅಂತ.

ಮಾರ್ಚ್ 11, ಬುಧವಾರ. ಬೆಳಿಗ್ಗೆ 7

ಬಿಕ್ಕೋಡಿನಿಂದ ಚಿಕ್ಕಮ್ಮ ಬಂದಿದ್ದಾಳೆ. ಅಮ್ಮ ಅವಳಿಗೂ ಹೇಳ್ತಿದ್ದಾಳೆ: "ಕೊನೇ ಹತ್ತು ದಿನ ಕೆಮ್ಮಲಿಲ್ಲ ಕಣೇ. ಮಗಳ ಮಾತ್ರೆ ಅಂದ್ರೆ ಅಷ್ಟು ನಂಬಿಕೆ."

ಟವೆಲ್ ಒಗೆದಿಲ್ಲ. ನನ್ನ ಬ್ಯಾಗಲ್ಲಿದೆ. ಚಿಕ್ಕಮ್ಮ ಹೋದಮೇಲೆ ಹೇಳ್ತೀನಿ. ಹೇಗೆ ಹೇಳೋದು ಅಂತ ಮೊದಲು ಇಲ್ಲಿ ಬರೆದು ನೋಡ್ತೀನಿ.

ಅಮ್ಮ, ಅಪ್ಪ ಕೆನ್ನೆಯಲ್ಲಿ ಇಟ್ಕೊಳ್ತಿದ್ದ ಮಾತ್ರೇಲಿ...