ಖಾಲಿ ಅಂದರೂ ನಂಬದ ಕೈ

ತುಲ್ಸಾ, ಸೋಮವಾರ

ಮಗಾ ಗ್ಯಾರೆಟ್,

ನೀನು ಹೋದ ತಿಂಗಳು ನಮ್ಮ ಎಡಪಂಥೀಯರ ಬಂದೂಕು ಕ್ಲಬ್ಬಿಗೆ ಸೇರಿದೆ, ಬಡವರ ಮನೆಗೆ ಹಂಚೋ ಬೀನ್ಸ್ ಮೂಟೆ ಹೊತ್ತೆ. ಸಂತೋಷ. "ಬಂದೂಕು ಮುಟ್ಟಿದ್ದೇ ಇಲ್ಲ ಅಜ್ಜಿ" ಅಂತ ನೀನೇ ಅಂದಿದ್ದೆ. ನಿನ್ನೆ ನಾನು "ಖಾಲಿ ಇದೆ, ಹಿಡ್ಕೋ" ಅಂತ ಕೊಟ್ಟರೆ, ನಿನ್ನ ಕೈ ತಾನಾಗೇ ಅದನ್ನು ತೆರೆದು, ಒಳಗೆ ಗುಂಡಿಲ್ಲ ಅಂತ ಬೆರಳಲ್ಲಿ ತಡವಿ ನೋಡಿತು. ಸರಿಯಾದ ಕ್ರಮವೇ. ಆದರೆ ಹೊಸಬರು ನನ್ನ ಮಾತು ನಂಬಿಬಿಡ್ತಾರೆ. ಕಲಿಸುವಾಗ ಆ ನಂಬಿಕೆ ಬಿಡಿಸೋಕೇ ನನಗೆ ತಿಂಗಳುಗಟ್ಟಲೆ ಹಿಡಿಯುತ್ತೆ. ನಿನಗೆ ಇಲ್ಲಿಗೆ ಬರೋ ಮೊದಲೇ ಅದನ್ನು ಬಿಡಿಸಿದವರು ಯಾರು?

ಕೊಲೆ ಬೆದರಿಕೆ ಬಂದಿರೋ ನಮ್ಮ ಟ್ರಾನ್ಸ್ ಹುಡುಗಿ ರೆನಾಟಾ ಎಲ್ಲಿರ್ತಾಳೆ ಅಂತ ನೀನು ಪದೇ ಪದೇ ಕೇಳಿದೆ. ನಾನು ಒಂದು ವಿಳಾಸ ಕೊಟ್ಟೆ. ಅದು ಅವಳದಲ್ಲ, ನನ್ನ ಮನೆಯದು.

ಬೇರೆ ಯಾರನ್ನೂ ಕಳಿಸಬೇಡ, ನೀನೇ ಬಾ. ಬೀನ್ಸ್ ಬೇಯಿಸಿಟ್ಟಿರ್ತೀನಿ. ಬಾಗಿಲು ತಟ್ಟಿ, ಹೆಸರು ಹೇಳಿ ಒಳಗೆ ಬಾ. ಮನೆಯಲ್ಲಿರೋ ಬಂದೂಕು ಖಾಲಿ ಇರಲ್ಲ.

ಇಂತಿ,
ಓಪಲ್ ಅಜ್ಜಿ