ತಾಮ್ರದ ಕೆಂಪು

ಮಾರ್ಚ್ 3
ತಾಮ್ರದ ಪುಡಿ ತೂಗಿದ್ದು, ಅರೆದದ್ದು, ಬಳಿದದ್ದು — ಹದಿನೇಳನೇ ಸಲ. ಸಣ್ಣ ಭಟ್ಟಿ, ನಾನೊಬ್ಬಳೇ. ಬಿಚ್ಚಿದರೆ... ಅಬ್ಬಾ! ಬಟ್ಟಲು ಕೆಂಪಗೆ ಹೊಳೆಯುತ್ತಿತ್ತು. ಎರಡು ವರ್ಷ ಒದ್ದಾಡಿದ ಗ್ಲೇಜ್, ಮಣ್ಣಿನ ಮೇಲೆ ಬಳಿದು ಸುಡುವ ಗಾಜಿನಂಥ ಲೇಪ. ಅಣ್ಣನಿಗೆ ತೋರಿಸಿದೆ. "ಭೇಷ್ ಕಣೇ" ಅಂದ.

ಮಾರ್ಚ್ 9
ಹೋಟೆಲ್ ಮ್ಯಾನೇಜರ್ ಬಂದಿದ್ದರು. ಅಣ್ಣ ನನ್ನ ಬಟ್ಟಲನ್ನು ಅವರ ಕೈಗಿಟ್ಟು, "ನಾನೇ ಕಂಡುಹಿಡಿದ ಬಣ್ಣ ಸಾರ್" ಅಂದ. ಪಕ್ಕದಲ್ಲೇ ಮಣ್ಣು ಕಲಸುತ್ತಿದ್ದೇನೆ ನಾನು! ಇನ್ನೂರು ಬಟ್ಟಲಿಗೆ ಆರ್ಡರ್. "ಯಾರ ಹೆಸರಾದ್ರೇನು, ಮನೇದು ತಾನೇ, ಬಿಡೇ" — ಇದು ಅಮ್ಮ. ಹೊಟ್ಟೆ ಉರಿಯುತ್ತಿದೆ.

ಮಾರ್ಚ್ 10
ಗ್ಲೇಜಿನ ಅಳತೆ ಬರೆದುಕೊಡು ಅಂದ ಅಣ್ಣ. ಕೊಟ್ಟೆ. ಒಂದು ಗ್ರಾಂ ಸುಳ್ಳಿಲ್ಲ. ಭಟ್ಟಿಯ ಹೊಗೆಗಂಡಿ ಮುಚ್ಚಿ ಸುಡಬೇಕೆಂದು ಮಾತ್ರ ಬರೆಯಲಿಲ್ಲ. ಅವನು ಕೇಳಲೂ ಇಲ್ಲ. ಜೀವನವಿಡೀ ಗಂಡಿ ತೆರೆದೇ ಸುಟ್ಟವನು. ಬಣ್ಣ ಪುಡಿಯಲ್ಲಿದೆ ಎಂದುಕೊಂಡಿದ್ದಾನೆ, ಪೆದ್ದ.

ಬಣ್ಣ ಇರುವುದು ಎಲೆಕ್ಟ್ರಾನಿನ ಲೇವಾದೇವಿಯಲ್ಲಿ. ಗಾಳಿ ಧಾರಾಳವಾಗಿದ್ದರೆ ಆಮ್ಲಜನಕ ತಾಮ್ರದಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು ಅದರ ಜೊತೆ ಬಂಧ ಕಟ್ಟುತ್ತದೆ — ಹಸಿರು. ಗಾಳಿ ಕಟ್ಟಿದರೆ ಹೊಗೆಯೇ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ತಾಮ್ರಕ್ಕೆ ಕಳೆದದ್ದು ವಾಪಸ್ — ಕೆಂಪು. ಅದೇ ತಾಮ್ರ! ಅವನಿಗೆ ಮಣ್ಣು ಮುಕ್ಕಿಸದಿದ್ದರೆ ಕೇಳಿ.

ಮಾರ್ಚ್ 22, ಮಧ್ಯಾಹ್ನ
ದೊಡ್ಡ ಭಟ್ಟಿ ಬಿಚ್ಚಿದ. ಇನ್ನೂರಕ್ಕೆ ಇನ್ನೂರೂ ಹಸಿರು! ಮುಖದಲ್ಲಿ ರಕ್ತವಿಲ್ಲ. "ಏನೇ ಇದು? ಹೀಗ್ಯಾಕಾಯ್ತು?"
"ನಿನ್ನ ಬಣ್ಣ. ನಿನಗೇ ಗೊತ್ತಿರಬೇಕಲ್ಲ" ಅಂದೆ.
ಹೊಟ್ಟೆ ತಣ್ಣಗಾಯಿತು. ಊಟ ಎರಡು ತುತ್ತು ಜಾಸ್ತಿಯೇ ಸೇರಿತು.

ಮಾರ್ಚ್ 24, ಸಂಜೆ
ಬೆಳಿಗ್ಗೆ ಮ್ಯಾನೇಜರ್ ಬಂದರು. ಅಣ್ಣ ಕೈಕಟ್ಟಿ ನಿಂತ. ಒದ್ದಾಡಲಿ, ಇನ್ನೊಂದು ಸುಳ್ಳು ಹೇಳಿ ಸಿಕ್ಕಿಬೀಳಲಿ ಎಂದು ಕಾಯುತ್ತಿದ್ದೆ.

"ಅವತ್ತು ಸುಳ್ಳು ಹೇಳಿದ್ದೆ ಸಾರ್. ಆ ಬಣ್ಣ ನಂದಲ್ಲ, ನನ್ನ ತಂಗೀದು. ಅವಳು ಬರೆದುಕೊಟ್ಟ ಹಾಗೇ ಮಾಡಿದ್ದು." ಚೀಟಿ ತೆಗೆದು ತೋರಿಸಿದ. ನನ್ನದೇ ಅಕ್ಷರ.

ಎರಡು ವಾರದಿಂದ ಕೇಳಬೇಕೆಂದಿದ್ದ ಮಾತು. ಹೇಳಿಬಿಟ್ಟನಲ್ಲ, ಪಾಪಿ, ಈಗಲೇ!

ಮ್ಯಾನೇಜರ್ ಒಂದು ಹಸಿರು ಬಟ್ಟಲು ಎತ್ತಿಕೊಂಡು ನನ್ನ ಕಡೆ ತಿರುಗಿದರು. "ಹಾಗಾದ್ರೆ ಇದೂ ನಿಮ್ಮದೇ ಅನ್ನಿ. ಅವತ್ತಿನ ಕೆಂಪು ಏನೋ ಅದೃಷ್ಟಕ್ಕೆ ಬಂದಿದ್ದು, ಅಲ್ವಾಮ್ಮ?"

ಅದೃಷ್ಟ! ಎರಡು ವರ್ಷ! "ಅಲ್ಲ ಸಾರ್" ಅಂದೆ.

"ಮತ್ತೆ?"

ಅಣ್ಣನೂ ನನ್ನನ್ನೇ ನೋಡುತ್ತಿದ್ದ. ಕೆಂಪು ನನ್ನದು ಎನ್ನಬೇಕಾದರೆ ಹೊಗೆಗಂಡಿಯ ವಿಷಯ ಹೇಳಲೇಬೇಕು. ಬಾಯಿ ತೆರೆದೆ. "ಹೊಗೆಗಂಡಿ ಮುಚ್ಚಿ ಸುಡಬೇಕು ಅಂತ ನಾನು ಬೇಕಂತಲೇ ಬರೀಲಿಲ್ಲ ಸಾರ್" ಅಂದೆ.