ಎರಡು ತಟ್ಟೆಯ ಲೆಕ್ಕ

ಕೂಟಗಲ್
18-6-2007, ಸೋಮವಾರ

ನನ್ನ ಮುದ್ದಿನ ಮೊಮ್ಮಗಳು ಶ್ವೇತವ್ವಂಗೆ,

ಹೆಂಗಿದ್ದೀಯವ್ವ? ಹೊಟ್ಟೆ ತುಂಬ ಉಣ್ತಿದ್ದೀಯೋ, ಇಲ್ಲ ಮೈಸೂರಿನ ಆ ಹಾಸ್ಟೆಲ್ಲಿನ ನೀರು ಸಾರಲ್ಲೇ ಕಾಲ ಹಾಕ್ತಿದ್ದೀಯೋ? ಹೋದ ಸಲ ಬಂದಾಗ ನಿನ್ನ ಕೊರಳ ಮೂಳೆ ಕಾಣ್ತಿತ್ತು ಅಂತ ನಿಮ್ಮಜ್ಜಿ ಇವತ್ತಿಗೂ ಗೊಣಗ್ತಾಳೆ. ಅವಳಿಗೆ ಮಂಡಿ ನೋವು ಹಂಗೇ ಐತೆ, ಬಾಯಿಗೆ ಮಾತ್ರ ಏನೂ ನೋವಿಲ್ಲ. ನನ್ನ ಕೆಮ್ಮು ಒಸಿ ವಾಸಿ. ಬೀಡಿ ಬುಟ್ಟೆ ಅಂತ ಬರೆದ್ರೆ ನೀನು ನಂಬಲ್ಲ, ಅದಕ್ಕೇ ಬರೆಯಲ್ಲ. ಫೋನ್ ಮಾಡಬೋದಿತ್ತಲ್ಲ ತಾತ ಅಂತೀಯ. ನಿಮ್ಮಪ್ಪನ ಮೊಬೈಲಲ್ಲಿ ನಾನು ಎರಡು ಮಾತಾಡೋದ್ರೊಳಗೆ ಕರೆನ್ಸಿ ಖಾಲಿ ಆಯ್ತದೆ ಅಂತ ಕಿತ್ಕೋತಾನೆ. ನೀನೂ ಅಷ್ಟೆ, "ಹೂಂ ತಾತ, ಹೂಂ ತಾತ" ಅಂದು ಜಾರ್ಕೋತೀಯ. ಕಾಗದದ ಹತ್ರ ಅದು ನಡೆಯಲ್ಲ, ಕೂತು ಪೂರ್ತಿ ಓದು.

ಎಂ.ಎಸ್ಸಿ. ಸೀಟು ಬೇಡ ಅಂತ ನಿಮ್ಮಪ್ಪಂಗೆ ಹೇಳಿದ್ಯಂತೆ. ಬಿಡದಿ ಕಾರ್ಖಾನೆ ಲ್ಯಾಬಿನಲ್ಲಿ ಕೆಲಸಕ್ಕೆ ಸೇರ್ತೀನಿ, ತಿಂಗಳಿಗೆ ಐದೂವರೆ ಸಾವಿರ ಕೊಡ್ತಾರೆ, ಅಪ್ಪನ ತಲೆ ಮೇಲೆ ಸಾಲ ಹೊರಿಸೋಕೆ ನನಗಿಷ್ಟ ಇಲ್ಲ ಅಂದ್ಯಂತೆ. ನಿಮ್ಮಪ್ಪ ಅನಂತರಾಜು ಫೋನಿಟ್ಟವನು ಜಗಲಿ ಮೇಲೆ ಕೂತ. ಖುಷಿನೋ ದುಃಖನೋ ಅವನಿಗೇ ಗೊತ್ತಾಗ್ಲಿಲ್ಲ. ನಿಜ ಹೇಳ್ತೀನಿ ಕಣವ್ವ, ಮೂರು ತಿಂಗಳ ಹಿಂದೆ ಆಗಿದ್ರೆ ನಾನು ಬೆಲ್ಲ ಹಂಚ್ತಿದ್ದೆ. ಗಿಡ, ಹುಳ, ನೀರು, ಮಣ್ಣು ಒಂದಕ್ಕೊಂದು ಹೆಂಗೆ ಬಾಳ್ತವೆ ಅಂತ ಕಲಿಯೋಕೆ ಒಂದೂಕಾಲು ಲಕ್ಷ ಸಾಲ ಮಾಡಬೇಕಾ, ನಮ್ಮ ರೇಷ್ಮೆ ಹುಳುಮನೆಗೆ ಬಂದು ಕೂರು, ಪುಕ್ಕಟೆ ಕಲಿಸ್ತೀನಿ ಅಂತ ಊರೆಲ್ಲ ಆಡ್ಕೊಂಡು ನಕ್ಕವನು ನಾನೇ.

ಯುಗಾದಿಗೆ ನೀನು ಬಂದಾಗ ಆಗಿದ್ದು ನೆನಪೈತಾ? ಸಂಕ್ರಾಂತಿ ಬೆಳೆ ಹೋಗಿತ್ತು, ಅದರ ಹಿಂದಿನ ಬೆಳೆನೂ ಕೈ ಸೇರಿರಲಿಲ್ಲ. ಹುಳ ಸೊಪ್ಪು ತಿನ್ನದೆ ಸೊರಗಿ ಸೊರಗಿ ಸತ್ತವು. ನಲವತ್ತು ವರ್ಷ ರೇಷ್ಮೆ ಬೆಳೆದವನು ನಾನು, ನನಗೆ ಗೊತ್ತಿಲ್ಲದ್ದು ಏನೈತೆ ಅಂತ ಅಹಂಕಾರ. ಕಣ್ಣು ಬಿದ್ದೈತೆ ಅಂತ ತೀರ್ಮಾನ ಮಾಡ್ದೆ. ಹೊರಗಿನವರು ಯಾರು ಹುಳುಮನೆ ಹೊಕ್ಕಿದ್ರು ಅಂತ ಲೆಕ್ಕ ಹಾಕಿದ್ರೆ ಸಿಕ್ಕಿದ್ದು ಶಿವಲಿಂಗಮ್ಮ ಒಬ್ಬಳೇ, ಹನ್ನೆರಡು ವರ್ಷದಿಂದ ನಮಗೆ ಸೊಪ್ಪು ಕುಯ್ದು ಕೊಟ್ಟವಳು, ಗಂಡ ಇಲ್ಲದ ಹೆಂಗಸು. ಬೀದಿ ನಲ್ಲಿ ಹತ್ರ, ಹತ್ತು ಜನ ಬಿಂದಿಗೆ ಹಿಡ್ಕೊಂಡು ನಿಂತಿರೋ ಹೊತ್ತಲ್ಲಿ, ನಿನ್ನ ಕಣ್ಣು ಸುಟ್ಟುಹೋಗ, ನನ್ನ ಹುಳುಮನೆ ಬಾಗಿಲು ತುಳೀಬೇಡ ಅಂದ್ಬುಟ್ಟೆ. ಅವಳು ತುಂಬಿದ ಬಿಂದಿಗೆ ಅಲ್ಲೇ ಬುಟ್ಟು ಹೋದ್ಲು. ಆಮೇಲೆ ಊರಲ್ಲಿ ಹುಳ ಸಾಕೋ ಮನೆ ಒಂದೂ ಅವಳನ್ನ ಕೂಲಿಗೆ ಕರೀಲಿಲ್ಲ. ರಸ್ತೆ ಪಕ್ಕ ಇಟ್ಟಿಗೆ ಸುಡೋ ಕಡೆಗೆ ಇಟ್ಟಿಗೆ ಹೊರೋಕೆ ಹೋದ್ಲು.

ನೀನು ಕೆಳಗಲ ತೋಟದ ಸೊಪ್ಪು ಕಿತ್ಕೊಂಡು ಬಂದು ನನ್ನ ಮುಂದೆ ಹಿಡಿದೆ. "ತಾತ, ಅಂಚು ನೋಡು, ಸುಟ್ಟಂಗೈತೆ. ಕಣ್ಣಲ್ಲ, ಹೊಗೆ ಇರಬೋದು" ಅಂದೆ. ಬಿಡದಿ ಕಡೆ ಕಾರ್ಖಾನೆ, ಲೇಔಟು ಏಳೋಕೆ ಶುರುವಾದ ಮೇಲೆ ಇಟ್ಟಿಗೆ ಸುಡೋರು ನಮ್ಮ ಕೆಳಗಲ ತೋಟದ ಬದಿಗೇ ಬಂದಿದ್ದು ನಿಜ. ನಾನೇನ್ ಮಾಡ್ದೆ? ಎರಡಕ್ಷರ ಕಲಿತಿದ್ದಕ್ಕೆ ತಾತಂಗೆ ಬುದ್ಧಿ ಹೇಳೋಕೆ ಬಂದ್ಲು ಅಂತ ಬೈದೆ. ನೀನು ಅತ್ತೆ. ಆದ್ರೂ ಹೋಗೋವಾಗ ನನ್ನ ಪಂಚಾಂಗದೊಳಗೆ ಒಂದು ಚೀಟಿ ಇಟ್ಟು ಹೋಗಿದ್ದೆ. ಒಂದೇ ಸಲ ತಂದ ಮೊಟ್ಟೆಯ ಹುಳ, ಒಂದೇ ಮನೆ, ಎರಡು ತಟ್ಟೆ; ಒಂದಕ್ಕೆ ಮೇಗಲ ತೋಟದ ಸೊಪ್ಪು, ಇನ್ನೊಂದಕ್ಕೆ ಕೆಳಗಲದ್ದು; ದಿನಾ ನೋಡಿ ಬರೆದಿಡು ಅಂತ.

ಅಮಾವಾಸ್ಯೆ ಯಾವತ್ತು ಅಂತ ನೋಡೋಕೆ ಪಂಚಾಂಗ ತೆಗೆದಾಗ ಆ ಚೀಟಿ ಸಿಕ್ತು. ನಿಮ್ಮಜ್ಜಿಗೂ ಹೇಳದೆ ಈ ಬೆಳೆಯಲ್ಲಿ ಹಂಗೇ ಮಾಡ್ದೆ. ಪೊರೆ ಬಿಡೋ ಮುಂಚೆ ಹುಳ ಅಲ್ಲಾಡದೆ ಕೂರ್ತವಲ್ಲ, ನಾವು ಜ್ವರ ಅಂತೀವಿ, ನಿಮ್ಮ ಪುಸ್ತಕದಲ್ಲಿ ಅದಕ್ಕೆ ಏನೋ ದೊಡ್ಡ ಹೆಸರು ಅಂದಿದ್ದೆ. ಮೂರನೇ ಜ್ವರ ಎದ್ದ ಮೇಲೆ ತಟ್ಟೆ ಬೇರೆ ಮಾಡ್ದೆ. ನಿನ್ನ ಹಳೇ ನೋಟ್‌ಬುಕ್ಕಲ್ಲಿ ದಿನಾ ಬರೆದೆ. ನಾಲ್ಕನೇ ಜ್ವರದಿಂದ ಮೇಗಲ ತಟ್ಟೆ ಹುಳ ಒಟ್ಟಿಗೆ ಎದ್ದವು, ಸೊಪ್ಪು ಹಾಕಿದ್ರೆ ಸೋನೆ ಮಳೆ ಹುಯ್ದಂಗೆ ಸದ್ದು. ಕೆಳಗಲ ತಟ್ಟೆಯವು ಅರ್ಧ ಏಳಲೇ ಇಲ್ಲ. ಅಯ್ಯೋ ಶಿವನೇ! ಆ ತಟ್ಟೆ ಮುಂದೆ ನಿಂತು ನನಗೆ ಹುಳದ ಚಿಂತೆ ಬರಲಿಲ್ಲ ಕಣವ್ವ. ನಲ್ಲಿ ಹತ್ರ ಬುಟ್ಟು ಹೋದ ಬಿಂದಿಗೆ ಕಣ್ಣಿಗೆ ಕಟ್ಟಿದಂಗಾಯ್ತು. ಇಷ್ಟು ವಯಸ್ಸಾಗಿ ಎಂಥಾ ಪಾಪದ ಕೆಲಸ ಮಾಡ್ಬುಟ್ಟೆ.

ಕೆಳಗಲ ತೋಟದ ಸೊಪ್ಪು ನಿಲ್ಲಿಸಿ, ಕಮ್ಮಿ ಬಿದ್ದ ಸೊಪ್ಪನ್ನ ಹೊಗೆ ತಾಗದ ತೋಟ ಇರೋ ಮುನಿರಾಮಯ್ಯನ ಹತ್ರ ಕೊಂಡುಕೊಂಡೆ. ನಿನ್ನೆ ಹುಳ ಗೂಡು ಕಟ್ಟೋ ಹಂಗೆ ಹಣ್ಣಾದವು, ಎಲ್ಲಾನೂ ಬಿದಿರಿನ ಚಂದ್ರಿಕೆಗೆ ಬಿಟ್ಟಾಯ್ತು. ಈಗಲೇ ಗೂಡು ಕಟ್ತಾವೆ. ವಾರದಲ್ಲಿ ರಾಮನಗರದ ಮಾರ್ಕೆಟ್ಟಿಗೆ ಹಾಕ್ತೀವಿ.

ಹೋದ ಗುರುವಾರ ನಾನೂ ನಿಮ್ಮಪ್ಪನೂ ರಾಮನಗರದ ಬ್ಯಾಂಕಿಗೆ ಹೋಗಿದ್ವಿ. ಮ್ಯಾನೇಜರ್ರು ಒಳ್ಳೆಯವರೇ. ಇಂಜಿನಿಯರಿಂಗಾದ್ರೆ ಸರಿ, ಇದು ಓದಿದ್ರೆ ಸಂಬಳ ಎಷ್ಟು ಬರ್ತದೆ ಅಂದ್ರು. ನಾನು ಪಂಚೆ ಗಂಟಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಇಟ್ಟೆ. ಅವರು ತಿರುವಿ ತಿರುವಿ ನೋಡಿ, "ಯಜಮಾನ್ರೇ, ಇದ್ರಲ್ಲಿ ಸಂಬಳ ಎಲ್ಲೈತೆ?" ಅಂತ ನಕ್ಕರು. ಆಮೇಲೆ ಅವರೇ ಲೆಕ್ಕ ಹಾಕಿ ಕೊಟ್ರು. ಓದು ಮುಗಿದ ಮೇಲೆ ಒಂದು ವರ್ಷ ಬುಟ್ಟು, ಏಳು ವರ್ಷ ತಿಂಗಳಿಗೆ ಹತ್ರತ್ರ ಮೂರು ಸಾವಿರ ಕಟ್ಟಬೇಕು. ಮೊದಲ ಕೆಲಸಕ್ಕೆ ಎಂಟು ಸಾವಿರ ಸಿಕ್ಕರೆ ಹೆಚ್ಚು ಅಂತ ನಿಮ್ಮ ಕಾಲೇಜು ಮೇಡಮ್ಮೇ ಹೇಳವ್ರೆ. ಕೆಲಸ ಸಿಗೋಕೆ ಆರು ತಿಂಗಳು ಕಾಯಬೇಕಾಗಬೋದು. ಅಂದ್ರೆ ಸಾಲ ತೀರೋ ತನಕ ಕಾರ್ಖಾನೆ ದಾರಿನೇ ಮುಂದೆ. ನಾನು ಸುಳ್ಳು ಹೇಳಿ ನಿನ್ನ ಹಳ್ಳಕ್ಕೆ ತಳ್ಳಲ್ಲ.

ಆದ್ರೆ ನಾನೂ ಒಂದು ಲೆಕ್ಕ ಬಲ್ಲೆ. ರಾಗಿ ಚೆಲ್ಲಿದ್ರೆ ನಾಲ್ಕು ತಿಂಗಳಿಗೆ ಕಣಕ್ಕೆ ಬರ್ತದೆ. ಹಿಪ್ಪುನೇರಳೆ ಕಡ್ಡಿ ನೆಟ್ರೆ ಮೊದಲ ವರ್ಷ ಗೊಬ್ಬರ ತಿಂದು ಸುಮ್ಮನೆ ನಿಂತಿರ್ತದೆ, ನೋಡೋರು ನಗ್ತಾರೆ. ಆಮೇಲೆ ಇಪ್ಪತ್ತು ವರ್ಷ ಮನೆ ಸಾಕ್ತದೆ. ನಿನ್ನ ಒಂದು ಚೀಟಿ ನಮಗೆ ಒಂದು ಬೆಳೆ ಉಳಿಸ್ತು, ಹನ್ನೆರಡು ಸಾವಿರಕ್ಕೆ ಮೋಸ ಇಲ್ಲ. ಇನ್ನು ಕೆಳಗಲ ತೋಟಕ್ಕೆ ಏನು ಮಾಡಬೇಕು ಅಂದ್ರೆ ನನಗೆ ಗೊತ್ತಿಲ್ಲ, ನಿನಗೂ ಇನ್ನೂ ಗೊತ್ತಿರಲಿಕ್ಕಿಲ್ಲ. ಅದನ್ನ ಕಲ್ತು ಬಾ. ಇಲ್ಲಿಂದ ಬೈರಮಂಗಲದ ತನಕ ಇಂಥಾ ತೋಟ ಎಷ್ಟವೋ, ಕೆಲಸಕ್ಕೇನು ಬರ ಇಲ್ಲ.

ಈ ಕವರಿನಲ್ಲಿ ಎರಡು ಕಾಗದ ಇಟ್ಟಿದ್ದೀನಿ. ಒಂದು ಕಾರ್ಖಾನೆಯಿಂದ ಬಂದ ಕೆಲಸದ ಆರ್ಡರು. ಇನ್ನೊಂದು ಸಾಲದ ಅರ್ಜಿ, ನಿಮ್ಮಪ್ಪ ಸಹಿ ಹಾಕವ್ನೆ. ಎರಡರಲ್ಲಿ ಯಾವುದಕ್ಕೆ ನೀನು ಸಹಿ ಹಾಕಿದ್ರೂ ನಾವು ಬೇಜಾರು ಮಾಡ್ಕೊಳ್ಳಲ್ಲ. ಬರೋ ಸೋಮವಾರ ಸೀಟಿಗೆ ಕಡೇ ದಿನ, ಮರೀಬೇಡ.

ನಿಮ್ಮಜ್ಜಿ ಹುರಿಹಿಟ್ಟು ಕಟ್ಟಿಟ್ಟವಳೆ, ಬರೋರ ಕೈಲಿ ಕಳಿಸ್ತಾಳಂತೆ. ನಮ್ಮ ಬೋರೇದೇವ್ರು ನಿನ್ನ ಹಿಂದೆ ಮುಂದೆ ಇರ್ಲಿ. ನೆಟ್ಟ ಕಡ್ಡಿ ಚಿಗುರಿದಂಗೆ ನೀನು ಚಿಗುರ್ಕೋ ತಾಯಿ.

ಇಂತಿ ನಿನ್ನ ತಾತ,
ಬೋರಲಿಂಗಯ್ಯ

ಇನ್ನೊಂದು ಮಾತು: ಕವರು ಅಂಟಿಸಿದ ಹೊತ್ತಿಗೆ ಶಿವಲಿಂಗಮ್ಮ ಬಂದ್ಲು, ಅದಕ್ಕೆ ಮತ್ತೆ ಬಿಚ್ಚಿದೆ. ಮೊನ್ನೆ ಅದೇ ನಲ್ಲಿ ಹತ್ರ, ಅಷ್ಟೇ ಜನದ ಮುಂದೆ, ನೋಟ್‌ಬುಕ್ ಹಿಡ್ಕೊಂಡು ಅವಳಿಗೆ ಕೈ ಮುಗಿದೆ. ತಪ್ಪು ನಂದು, ನಿನ್ನ ಕಣ್ಣಲ್ಲ ಅಂದೆ. ಅವಳು ಸೆರಗಲ್ಲಿ ಕಣ್ಣೊರೆಸ್ಕೊಂಡು ಹೋದ್ಲು. ನಿನ್ನೆ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟಿದ್ದು ಅವಳ ಕೈಯೇ. ಈಗ ಬಂದವಳು ನಿನ್ನೆಯ ಕೂಲಿ ಅರವತ್ತು ರೂಪಾಯಿ ಜಗಲಿ ಮೇಲೆ ಇಟ್ಟು, "ಇದನ್ನ ಶ್ವೇತವ್ವಂಗೆ ಕಳಿಸಿ, ನನ್ನ ಹೆಸರು ತೊಳೆದ ಕೂಲಿ" ಅಂದ್ಲು. ಬೇಡ ಅಂದ್ರೆ ಕೇಳ್ಲಿಲ್ಲ. ನೋಟು ಅರ್ಜಿ ಮಡಿಕೆಯಲ್ಲಿ ಐತೆ. ಮ್ಯಾನೇಜರ್ರು ಸಂಬಳ ಎಲ್ಲೈತೆ ಅಂತ ಕೇಳಿದ್ರಲ್ಲ, ನಿನ್ನ ಓದಿನ ಮೊದಲನೇ ಸಂಬಳ ಬಂದೈತೆ ಕಣವ್ವ. ಎಣಿಸ್ಕೋ.